ಮೂರನೆಯವಳಿಗೆ ಇಟ್ಟ ಹೆಸರು

ಜನವರಿ 17, ಭಾನುವಾರ

ಪಾದ್ರಿಯ ಹೆಂಡತಿ ಹೊಸ ವರ್ಷಕ್ಕೆಂದು ನಮ್ಮ ಗುರುವಾರದ ಪ್ರಾರ್ಥನಾ ಕೂಟದ ತಾಯಂದಿರಿಗೆಲ್ಲ ಒಂದೊಂದು ನೋಟ್‌ಬುಕ್ ಕೊಟ್ಟಿದ್ದಾಳೆ. ದೇವರ ಹತ್ತಿರ ಕೇಳಿದ್ದೇನು, ದೇವರು ಕೊಟ್ಟದ್ದೇನು, ಎರಡನ್ನೂ ಬರೆದಿಡಬೇಕಂತೆ. ಯಾರಿಗೂ ತೋರಿಸಬೇಕಿಲ್ಲ. ನಾನು ಓದಿದ್ದು ಊರ ಶಾಲೆಯಲ್ಲಿ, ಏಳನೆಯವರೆಗೆ. ಅಕ್ಷರ ದುಂಡಗಿದೆ, ಮಾತು ಉದ್ದವಾಗುತ್ತದೆ. ಆಗಲಿ.

ಕೇಳುವುದು ಒಂದೇ ಇದೆ. ಮೊಮ್ಮಗಳು ನ್ಯಾಕಲ್ಲೊಗೆ ಈ ವರ್ಷ ಕೊನೆಯ ತರಗತಿ. ನವೆಂಬರಿನಲ್ಲಿ ಪರೀಕ್ಷೆ. ಬೇರೆ ಪಾಠವೆಲ್ಲ ಅವಳಿಗೆ ನೀರು ಕುಡಿದ ಹಾಗೆ, ಇಂಗ್ಲಿಷ್ ಮಾತ್ರ ಬಂಡೆ. ಇಂಗ್ಲಿಷ್ ಹೋದರೆ ಉಳಿದದ್ದೆಲ್ಲ ಇದ್ದೂ ಇಲ್ಲದ ಹಾಗೆ. ನರ್ಸಿಂಗ್ ಶಾಲೆಯವರು ಬಾಗಿಲು ತೆಗೆಯುವುದಿಲ್ಲ. ಆಮೇಲೆ ಉಳಿಯುವ ದಾರಿ ಒಂದೇ, ನಮ್ಮ ಬೆಟ್ಟದ ನಾಡಿನ ಗಡಿಯ ಸೇತುವೆ ದಾಟಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಇನ್ನೊಬ್ಬರ ಮನೆಯ ನೆಲ ಒರೆಸುವುದು. ಅವಳ ತಾಯಿ, ನನ್ನ ಮಗಳು ತೆಬೆಲ್ಲೊ, ಹಾಗೆ ಹೋದವಳು. ಹೋಗಿ ಹನ್ನೊಂದು ವರ್ಷ. ಸುದ್ದಿ ನಿಂತು ಏಳು ವರ್ಷ.

ಇಂದು ಆರಾಧನೆ ಮುಗಿದ ಮೇಲೆ ಹೆಡ್‌ಮಾಸ್ಟರು ಎದ್ದು ನಿಂತರು. ಇಂಗ್ಲಿಷ್ ಕಲಿಸಲು ಸಮುದ್ರದಾಚೆಯಿಂದ ಒಬ್ಬ ಹುಡುಗಿ ಬರುತ್ತಾಳಂತೆ, ಈಗಷ್ಟೇ ಕಾಲೇಜು ಮುಗಿಸಿದವಳಂತೆ, ಸಂಬಳ ತೆಗೆದುಕೊಳ್ಳುವುದಿಲ್ಲವಂತೆ. ಉಳಿಯಲು ಒಂದು ಮನೆ ಬೇಕು ಎಂದರು. ಯಾರೂ ತಲೆ ಎತ್ತಲಿಲ್ಲ. ಹಿಂದೆ ಬಂದ ಇಬ್ಬರು ಎಲ್ಲರಿಗೂ ನೆನಪಿದ್ದಾರೆ. ಮೊದಲು ಬಂದ ಹುಡುಗ ಹೊಟ್ಟೆ ಕೆಟ್ಟು ನಾಲ್ಕನೆಯ ತಿಂಗಳಿಗೇ ಹೋದ. ಎರಡನೆಯವಳು ಈಸ್ಟರ್ ರಜೆಗೆಂದು ಹೋದವಳು ಬರಲೇ ಇಲ್ಲ.

ನಾನು ಕೈ ಎತ್ತಿದೆ.

ಕೇಳಿದ್ದು: ಅವಳು ನವೆಂಬರ್ ತನಕ ಇರಲಿ.

ಜನವರಿ 21, ಗುರುವಾರ

ಬಂದಳು. ಇಪ್ಪತ್ತೆರಡು ವರ್ಷ, ಮೂಗಿನ ಮೇಲೆ ಚುಕ್ಕೆಗಳು, ದೊಡ್ಡ ಬೂಟು. ವೇಲ್ಸ್ ಎಂಬ ದೇಶದವಳು. ಹೆಸರು ಬ್ರಾನ್ವಿನ್.

"ಇದು ಹೆಸರೋ ಕೆಮ್ಮೋ" ಎಂದಳು ಅತ್ತಿಗೆ. ಅತ್ತಿಗೆ ಅಂದರೆ ನನ್ನ ಗಂಡನ ಅಕ್ಕ. ಗಂಡ ಗಣಿಯ ಧೂಳು ಕುಡಿದು ತೀರಿಕೊಂಡ ಮೇಲೆ ಪಕ್ಕದ ಗುಡಿಸಲಲ್ಲಿ ಇದ್ದುಕೊಂಡು ನನ್ನ ತಪ್ಪು ಹುಡುಕುವುದೇ ಅವಳ ಕೆಲಸ. ಮನೆಗೆ ಬಂದ ಮಗುವಿಗೆ, ಹೊರಗಿನಿಂದ ಬಂದವರಿಗೂ, ನಮ್ಮ ಹೆಸರಿಡುವ ಹಕ್ಕೂ ಅವಳದೇ.

"ಎರಡು ಹೋದ ಮೇಲೆ ಬಂದ ಮೂರನೇದು ಇದು. ಚೆಂದದ ಹೆಸರು ಇಡಬೇಡ. ಮೊಸೆಲಾಂಚಾ ಅಂತಿಡು" ಎಂದಳು.

ಮೊಸೆಲಾಂಚಾ ಅಂದರೆ ನಾಯಿಬಾಲ. ತವರಿನಲ್ಲಿ ಅವಳಿಗೆ ಇಟ್ಟ ಹೆಸರೂ ಅದೇ. ಅವಳಿಗಿಂತ ಮೊದಲಿನ ಎರಡು ಕೂಸುಗಳು ತಾಯಿಯ ಬೆನ್ನ ಮೇಲಿರುವಾಗಲೇ ಸತ್ತಿದ್ದವಂತೆ.

"ಕರ್ಕೊಂಡು ಹೋಗೋಕೆ ಬರೋನು ಮೊದಲು ಹೆಸರು ಕೇಳ್ತಾನೆ. ನಾಯಿಬಾಲ ಅಂದ್ರೆ ಮೂಗು ಮುಚ್ಕೊಂಡು ಮುಂದಿನ ಮನೆಗೆ ಹೋಗ್ತಾನೆ. ನನಗೆ ಎಪ್ಪತ್ತಾಯ್ತು, ಇನ್ನೂ ಯಾರೂ ವಿಳಾಸ ಕೇಳ್ಕೊಂಡು ಬಂದಿಲ್ಲ."

"ಅತ್ತಿಗೆ, ನಾನು ಬಿಳಿ ಪಟ್ಟಿ ಕಟ್ಕೊಂಡು ಪ್ರಾರ್ಥನೆಗೆ ಹೋಗೋಳು. ಕರ್ತನ ಮಗೂನ ನಾಯಿ ಅಂತ ಕರೀಲಾ?"

"ಕರ್ತನಿಗೆ ಅರ್ಥ ಆಗುತ್ತೆ ಬಿಡು. ಅವನೂ ಹಳ್ಳಿಯಲ್ಲೇ ಬೆಳೆದೋನು."

ಇದು ಅಜ್ಞಾನಿಗಳ ಮಾತು. ನಮ್ಮನ್ನು ಹೆಸರು ಹಿಡಿದು ಕರೆಯುವ ದೇವರಿಂದ ಹೆಸರು ಮುಚ್ಚಿಡುವುದುಂಟೇ. ನಾನು ಹುಡುಗಿಯ ತಲೆಯ ಮೇಲೆ ಕೈಯಿಟ್ಟು "ತೆಬೆಲ್ಲೊ" ಎಂದೆ. ನಿರೀಕ್ಷೆ ಎಂದು ಅದರ ಅರ್ಥ. ಅದಕ್ಕಿಂತ ಒಳ್ಳೆಯ ಹೆಸರು ನನ್ನ ಹತ್ತಿರ ಇಲ್ಲ.

ಅತ್ತಿಗೆ ಬಿಡಲಿಲ್ಲ. "ಆ ಹೆಸರಿನೋಳು ಒಬ್ಬಳು ಇದ್ದಾಳಲ್ಲ. ಇನ್ನೊಬ್ಬಳಿಗೆ ಕೊಟ್ರೆ ಅವಳೇನಾದ್ಲು ಅಂತ ಅರ್ಥ?"

"ಇಟ್ಟಾಯ್ತು" ಎಂದೆ.

ಕೇಳಿದ್ದು: ನವೆಂಬರ್ ತನಕ. ಕೊಟ್ಟದ್ದು: ಬಂದಳು. ಸ್ತೋತ್ರ.

ಫೆಬ್ರವರಿ 4, ಗುರುವಾರ

ತರಗತಿಯಲ್ಲಿ ಎಪ್ಪತ್ತೊಂದು ಮಕ್ಕಳು, ಹದಿನಾಲ್ಕು ಪುಸ್ತಕ. ಹುಡುಗಿ ಶಾಲೆಯಿಂದ ಬಂದ ಮೇಲೆ ಬೂಟು ಬಿಚ್ಚಿ ಅರ್ಧ ಗಂಟೆ ಗೋಡೆಗೆ ಒರಗುತ್ತಾಳೆ. ಆಮೇಲೆ ಹೊಸಿಲ ಮೇಲೆ ಕೂತು ನ್ಯಾಕಲ್ಲೊಗೆ ಪಾಠ. ನಾನು ಮೊರದಲ್ಲಿ ಜೋಳ ಕೇರುತ್ತಾ ಕೇಳುತ್ತೇನೆ. ಏನೂ ಅರ್ಥವಾಗುವುದಿಲ್ಲ, ಆದರೆ ಕೀರ್ತನೆಯೂ ಚಿಕ್ಕಂದಿನಲ್ಲಿ ಅರ್ಥವಾಗುತ್ತಿರಲಿಲ್ಲ.

ನೀರಿನ ಬಕೆಟ್ಟು ತಲೆ ಮೇಲೆ ಹೊರಲು ಹೋಗಿ ಇಂದು ಮೈಯೆಲ್ಲ ಒದ್ದೆ. ಅತ್ತಿಗೆ ಬೇಲಿಯಾಚೆಯಿಂದ, "ನಮ್ಮ ಟೀಚರಮ್ಮಂಗೆ ದೀಕ್ಷಾಸ್ನಾನ ಆಯ್ತಾ?" ಹುಡುಗಿಯೂ ನಕ್ಕಳು.

ಕೇಳಿದ್ದು: ಅದೇ. ಕೊಟ್ಟದ್ದು: ಎರಡು ವಾರ.

ಮಾರ್ಚ್ 11, ಗುರುವಾರ

ಉಳಿದ ಮೇಷ್ಟರೆಲ್ಲ ಕೋಲು ಹಿಡಿದು ತರಗತಿಗೆ ಹೋಗುತ್ತಾರೆ. ಇವಳು ಹಿಡಿಯುವುದಿಲ್ಲ. ಕೋಲಿಲ್ಲದ ತರಗತಿ ಕಾಯುವವನಿಲ್ಲದ ಕುರಿಮಂದೆ. ಹಿಂದಿನ ಬೆಂಚಿನ ಹುಡುಗರು ಇಂದು ಇವಳ ನಡಿಗೆಯನ್ನೇ ನಡೆದು ತೋರಿಸಿದರಂತೆ. ಕಕ್ಕಸಿನ ಹಿಂದೆ ನಿಂತು ಅತ್ತಿದ್ದಾಳೆ. ನ್ಯಾಕಲ್ಲೊ ಬಂದು ಹೇಳಿದಳು.

ಪಾಪಾ ತಟ್ಟೆಗೆ ಹಾಕಿಕೊಟ್ಟೆ. ಅದು ನಮ್ಮ ಜೋಳದ ಗಟ್ಟಿ ಮುದ್ದೆ, ಅವಳಿಗೆ ಈಚೆಗೆ ಗಂಟಲಲ್ಲಿ ಇಳಿಯುವುದಿಲ್ಲ. ಬೆರಳಿನಿಂದ ಚುಚ್ಚುತ್ತಾ, ಈಗೀಗ ಕಲಿತ ನಮ್ಮ ಭಾಷೆಯಲ್ಲಿ ಹೇಳಿದಳು.

"ಅಮ್ಮ, ನಾನು ಯಾರಿಗೂ ಏನೂ ಕಲಿಸ್ತಾ ಇಲ್ಲ."

"ನ್ಯಾಕಲ್ಲೊಗೆ ಕಲಿಸ್ತಿದ್ದೀಯಲ್ಲ."

"ಎಪ್ಪತ್ತೊಂದರಲ್ಲಿ ಒಬ್ಬಳು."

"ನೋಹನ ನಾವೆಯಲ್ಲಿ ಎಂಟೇ ಜನ ಇದ್ದಿದ್ದು. ಊಟ ಮಾಡು."

ಕೇಳಿದ್ದು: ನವೆಂಬರ್ ತನಕ. ಸ್ವಲ್ಪ ಹಸಿವೂ ಕೊಡು.

ಏಪ್ರಿಲ್ 5, ಸೋಮವಾರ

ಈಸ್ಟರ್ ಕಳೆಯಿತು. ಹುಡುಗಿ ಎಲ್ಲಿಗೂ ಹೋಗಲಿಲ್ಲ. ನಾನು ಅತ್ತಿಗೆಯ ಬಾಗಿಲಿಗೆ ಹೋಗಿ, "ನಿರೀಕ್ಷೆ ಇನ್ನೂ ನಮ್ಮನೇಲೇ ಇದೆ, ಬಂದು ನೋಡಿ" ಎಂದು ಹೇಳಿ ಬಂದೆ. ಜಂಬ ಪಾಪ. ಆದರೂ ಹೇಳಿದೆ.

ಮೇ 20, ಗುರುವಾರ

ನ್ಯಾಕಲ್ಲೊಗೆ ಜನವರಿಯಲ್ಲಿ ಇಪ್ಪತ್ತೆರಡು ಅಂಕ ಬಂದಿತ್ತು. ಈಗ ನಲವತ್ತಾರು. ಐವತ್ತು ಬಂದರೆ ಸಾಕು. ನಾಲ್ಕು ಅಂಕ, ಆರು ತಿಂಗಳು. ಪ್ರಾರ್ಥನೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದೆ. ಎಲ್ಲರೂ ಹಾಡಿದರು.

ನಮ್ಮ ಟೀಚರ್ ತೆಬೆಲ್ಲೊಗೆ ತಾಯಿ ಇಲ್ಲ. ಇಷ್ಟು ದಿನ ಹೇಳಿಯೇ ಇರಲಿಲ್ಲ. ಸಾಕಿದ್ದು ಅಜ್ಜಿ. ಆ ಅಜ್ಜಿಗೂ ಇಂಗ್ಲಿಷ್ ಮನೆಮಾತಲ್ಲ, ಶಾಲೆಯಲ್ಲಿ ಪೆಟ್ಟು ತಿಂದು ಕಲಿತದ್ದಂತೆ. "ಅದಕ್ಕೇ ನಾನು ಕೋಲು ಹಿಡಿಯಲ್ಲ" ಎಂದಳು.

"ಹಾಗಾದ್ರೆ ನಾವಿಬ್ರೂ ಅಜ್ಜಿ ಮಕ್ಕಳು" ಎಂದಳು ನ್ಯಾಕಲ್ಲೊ.

ತೆಬೆಲ್ಲೊ ಅಜ್ಜಿಯ ಜೊತೆ ಮಾತಾಡಲು ಪ್ರತಿ ಶನಿವಾರ ದಿಬ್ಬ ಹತ್ತುತ್ತಾಳೆ. ಅಲ್ಲಿ ಮಾತ್ರ ಅವಳ ಫೋನು ಹಿಡಿಯುತ್ತದೆ. ಇಳಿದು ಬಂದ ದಿನ ತಟ್ಟೆ ಖಾಲಿ ಮಾಡುತ್ತಾಳೆ. ಚಳಿ ಶುರುವಾಗಿದೆ, ಅಜ್ಜಿಗೆ ಟೋಪಿ ಹೆಣೆಯಬೇಕು ಎಂದಳು. ನಮ್ಮ ಮೇಕೆಯ ಉಣ್ಣೆ ಕೊಟ್ಟು ಹೆಣಿಗೆ ಕಲಿಸುತ್ತಿದ್ದೇನೆ. ಮೊದಲ ಟೋಪಿ ಕುಂಬಳಕಾಯಿಗೂ ದೊಡ್ಡದಾಯಿತು. ಬಿಚ್ಚಿಸಿದೆ.

ಜೂನ್ 27, ಭಾನುವಾರ

ಹಿಮ. ಶಾಲೆಗೆ ಚಳಿಗಾಲದ ರಜೆ. ಮೇಷ್ಟರೆಲ್ಲ ತಂತಮ್ಮ ಊರಿಗೆ ಹೋದರು, ಪಾದ್ರಿಯವರೂ ಪೇಟೆಗೆ ಹೋಗಿದ್ದಾರೆ. ತೆಬೆಲ್ಲೊ ಮಾತ್ರ ಉಳಿದಳು. ಕೊನೆಯ ತರಗತಿಯಲ್ಲಿ ರಜೆಯಲ್ಲೂ ಬರುವ ಹದಿನೆಂಟು ಮಕ್ಕಳಿಗೆ ಬೆರಣಿ ಒಲೆ ಹಚ್ಚಿಕೊಂಡು ಪಾಠ ಮಾಡುತ್ತಾಳೆ. ಈ ಹದಿನೆಂಟು ಜನ ಅವಳ ಮಾತು ಕೇಳುತ್ತಾರಂತೆ.

ಕೇಳಿದ್ದು: ನವೆಂಬರ್ ತನಕ. ಕೊಡುತ್ತಿದ್ದೀ, ಕಾಣುತ್ತಿದೆ.

ಜುಲೈ 6, ಮಂಗಳವಾರ

ಉಪ್ಪು ತರಲು ಅಂಗಡಿಗೆ ಹೋಗಿದ್ದೆ. ಅಂಗಡಿಯ ಯಜಮಾನ ಸೆಲ್ಲೊ, ಅಲ್ಲಿನ ಫೋನನ್ನು ನನ್ನ ಕೈಗೇ ಕೊಟ್ಟ. ಟೀಚರನ್ನು ಕಳಿಸಿದ ಸಂಸ್ಥೆಯವರು ರಾಜಧಾನಿಯಿಂದ ಮಾತಾಡಿದರು. ನಮ್ಮವರೇ ಒಬ್ಬರು.

"ಅಮ್ಮ, ಆ ಮಗೂನ ಅಜ್ಜಿ ನಿನ್ನೆ ತೀರ್ಕೊಂಡ್ರಂತೆ. ಫೋನಿನಲ್ಲಿ ನಾನು ಹೇಳೋದು ಚೆನ್ನಾಗಿರಲ್ಲ. ನೀವೇ ತಾಯಿ ಸ್ಥಾನದಲ್ಲಿದ್ದೀರಿ, ನಮ್ಮ ಪದ್ಧತಿ ಪ್ರಕಾರ ಕೂರಿಸಿ ಹೇಳಿ. ಮಣ್ಣು ಮಾಡೋದು ಮುಂದಿನ ವಾರ. ಹೋಗ್ತೀನಿ ಅಂದ್ರೆ ತಿಳಿಸಿ, ಗಾಡಿ ಕಳಿಸ್ತೀವಿ."

ಸಾವಿನ ಸುದ್ದಿಯನ್ನು ಒಬ್ಬರೇ ಹೇಳುವ ಹಾಗಿಲ್ಲ. ಹಿರಿಯರು ಕೂಡಬೇಕು, ಬೆಳಗಿನ ಹೊತ್ತಾಗಿರಬೇಕು, ಹಾಸಿಗೆಯನ್ನು ನೆಲಕ್ಕೆ ಇಳಿಸಿ ಅದರ ಮೇಲೆ ಕೂರಿಸಬೇಕು. ನಾನು ಮನೆಗೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಇಂದು ಆಗಲಿಲ್ಲ.

ಜುಲೈ 8, ಗುರುವಾರ

ಪಾದ್ರಿಯವರು ಇಲ್ಲದೆ ಹೇಗೆ ಹೇಳುವುದು. ಮೊದಲು ಪ್ರಾರ್ಥನೆ ಆಗಬೇಕು. ಹಿಮದಿಂದ ಘಾಟಿ ಮುಚ್ಚಿದೆ, ಅವರು ಭಾನುವಾರಕ್ಕೆ ಬರಬಹುದು. ಅತ್ತಿಗೆಗೂ ಎದೆನೋವು, ಅವಳನ್ನು ಎಬ್ಬಿಸುವುದು ಸರಿಯಲ್ಲ.

ನ್ಯಾಕಲ್ಲೊಗೆ ಈ ವಾರ ನಲವತ್ತೊಂಬತ್ತು.

ಜುಲೈ 11, ಭಾನುವಾರ

ಪಾದ್ರಿಯವರು ಬರಲಿಲ್ಲ.

"ನಿನ್ನೆ ಹಿಮದಲ್ಲಿ ಹತ್ತೋಕಾಗ್ಲಿಲ್ಲ, ನಾಳೆ ದಿಬ್ಬ ಹತ್ಲಾ, ಅಮ್ಮ? ಹೋದ ಸಲ ಅಜ್ಜಿಗೆ ಕೆಮ್ಮು ಅಂದಿದ್ರು" ಎಂದಳು ತೆಬೆಲ್ಲೊ.

"ಹಿಮ ಕಲ್ಲಾಗಿದೆ. ಜಾರಿದ್ರೆ ಕಾಲು ಮುರೀತದೆ, ಪಾಠ ಯಾರು ಮಾಡ್ತಾರೆ" ಎಂದೆ. ಸುಳ್ಳಲ್ಲ, ಹಿಮ ಕಲ್ಲಾಗಿದೆ.

"ಸರಿ, ಅಂಗಡಿಯಿಂದ ಮಾತಾಡ್ತೀನಿ. ಮೇಣದಬತ್ತಿನೂ ತರ್ಬೇಕು."

"ಸೆಲ್ಲೊ ಬಾಗಿಲು ಹಾಕಿದ್ದಾನೆ. ತೆಗೆದಾಗ ಬತ್ತಿ ನಾನೇ ತರ್ತೀನಿ."

ಅವಳ ಅಜ್ಜಿ ಹೋದದ್ದು ಹೋದಳು. ಇವಳು ಎರಡು ದಿನ ಬಿಟ್ಟು ಅತ್ತರೂ ಸತ್ತವರಿಗೆ ವ್ಯತ್ಯಾಸವಿಲ್ಲ. ಈಗ ಹೋದರೆ ಆ ಎರಡನೆಯವಳ ಹಾಗೆ ಮತ್ತೆ ಬರುವುದಿಲ್ಲ. ತಾಯಿಯಾದವಳು ಸಮಯ ನೋಡಿ ಹೇಳಬೇಕು. ಯಾವುದಕ್ಕೂ ಒಂದು ಕಾಲ ಉಂಟು ಎಂದು ಪುಸ್ತಕದಲ್ಲೇ ಬರೆದಿದೆ.

ಜುಲೈ 14, ಬುಧವಾರ

ಟೋಪಿ ಮುಗಿಯಿತು. ಈ ಸಲ ಅಳತೆ ಸರಿಯಾಗಿದೆ. ತಲೆಗೆ ಹಾಕಿಕೊಂಡು ನನ್ನ ಮುಂದೆ ನಿಂತಳು.

"ಅಜ್ಜಿಗೆ ಹಿಡಿಸುತ್ತಾ, ಅಮ್ಮ?"

"ಹಿಡಿಸುತ್ತೆ" ಎಂದೆ.

ಜುಲೈ 17, ಶನಿವಾರ

ನಾನು ಸೆಗಣಿ ಸಾರಿಸುತ್ತಿದ್ದೆ. ತೆಬೆಲ್ಲೊ ಯಾವಾಗ ಅಂಗಡಿಗೆ ಇಳಿದಳೋ ನೋಡಲಿಲ್ಲ. ಸೆಲ್ಲೊ ತನ್ನ ಟೋಪಿ ತೆಗೆದು, ಎರಡು ಕೈಯಿಂದ ಅವಳ ಕೈ ಹಿಡಿದು, "ಟೀಚರ್, ನಿಮ್ಮ ಅಜ್ಜಿ ವಿಷಯ ಕೇಳಿ ಬೇಜಾರಾಯ್ತು. ಇಷ್ಟು ದಿನವಾದ್ರೂ ಬಂದು ಕೂರೋಕೆ ಆಗಲಿಲ್ಲ, ಕ್ಷಮಿಸಿ" ಎಂದನಂತೆ. ಅವನದೇನೂ ತಪ್ಪಿಲ್ಲ. ಹೇಳಿಯಾಗಿದೆ ಎಂದುಕೊಂಡಿದ್ದ.

ಬಂದು ಬಾಗಿಲಲ್ಲಿ ನಿಂತಳು. ನನ್ನ ಕೈಯೆಲ್ಲ ಸೆಗಣಿ.

"ಯಾವ ದಿನ ಗೊತ್ತಾಯ್ತು, ಅಮ್ಮ?"

"ಹೋದ ವಾರದ ಮಂಗಳವಾರ."

ಅವಳು ಬೆರಳು ಮಡಿಸಿ ಎಣಿಸಿದಳು. ನಮ್ಮ ಹಾಗೆ, ಕಿರುಬೆರಳಿನಿಂದ. ಕೂಗಲಿಲ್ಲ.

"ಮೊನ್ನೆ ಮಣ್ಣು ಮಾಡಿದ್ರಂತೆ. ಸೆಲ್ಲೊನ ಫೋನಿನಿಂದ ಮನೆಗೆ ಮಾತಾಡಿದೆ."

ಪದ್ಧತಿ ಎಂದೆ. ಪಾದ್ರಿಯವರು ಬರಲಿಲ್ಲ ಎಂದೆ. ಹಿಮ ಎಂದೆ. ಅವಳು ಎಲ್ಲಾ ಕೇಳಿಸಿಕೊಂಡಳು.

"ಎರಡು ವಾರ ಹೋಗಿ ಬರ್ತಿದ್ದೆ ಅಮ್ಮ, ಅಷ್ಟೇ. ನವೆಂಬರ್ ತನಕ ಇರ್ತೀನಿ ಅಂತ ನ್ಯಾಕಲ್ಲೊಗೆ ಮಾತು ಕೊಟ್ಟಿದ್ದೆ."

ಆಮೇಲೆ ಒಳಗೆ ಹೋಗಿ ಹಾಸಿಗೆಯನ್ನು ಮಂಚದಿಂದ ತಾನೇ ಎಳೆದು ನೆಲಕ್ಕೆ ಹಾಕಿಕೊಂಡು ಅದರ ಮೇಲೆ ಕೂತಳು. ನಮ್ಮೂರ ಸಾವಿನ ಮನೆಗಳಲ್ಲಿ ನೋಡಿ ಕಲಿತದ್ದು. ನಾನು ಒಳಗೆ ಕಾಲಿಡಲಾರದೆ ಹೊರಗೇ ನಿಂತೆ. ಅತ್ತಿಗೆ ಎದೆ ಹಿಡಿದುಕೊಂಡು ಬಂದಳು, ನನ್ನ ಮುಖ ನೋಡದೆ ದಾಟಿ ಹೋಗಿ ಅವಳ ಪಕ್ಕ ಕೂತಳು.

ಜುಲೈ 19, ಸೋಮವಾರ

ಗಾಡಿ ಬಂತು. ಹೋದಳು.

ಹದಿನೆಂಟು ಮಕ್ಕಳು ರಸ್ತೆಬದಿಯಲ್ಲಿ ನಿಂತಿದ್ದರು. ಅವಳು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದಳು. ನ್ಯಾಕಲ್ಲೊಗೆ ಕೆಂಪು ಪೆನ್ನು, ಎರಡು ಪುಸ್ತಕ ಕೊಟ್ಟಳು. ಮತ್ತೆ ಬರುತ್ತೀಯಾ ಎಂದು ಮಕ್ಕಳು ಕೇಳಲಿಲ್ಲ. ಅವರಿಗೂ ಅಭ್ಯಾಸವಾಗಿದೆ.

ನನ್ನ ಮುಂದೆ ಬಂದು ಬಗ್ಗಿ, "ಚೆನ್ನಾಗಿರಿ ಅಮ್ಮ" ಎಂದಳು. ಇಲ್ಲಿಯವರು ಹೇಳುವ ಹಾಗೆಯೇ ಹೇಳಿದಳು. ನಾನು ಚೆನ್ನಾಗಿ ಹೋಗು ಎನ್ನಬೇಕಿತ್ತು.

ಆಗಸ್ಟ್ 5, ಗುರುವಾರ

ಪ್ರಾರ್ಥನೆಗೆ ಹೋದೆ. ನೆಗಡಿ, ಹಾಡಲಿಲ್ಲ.

ಟೋಪಿ ಅವಳ ಮಂಚದ ಮೇಲೆಯೇ ಇದೆ. ಮರೆತು ಹೋದದ್ದಲ್ಲ, ಮಡಿಸಿ ಇಟ್ಟಿದ್ದಾಳೆ.

ಸೆಪ್ಟೆಂಬರ್ 9, ಗುರುವಾರ

ನ್ಯಾಕಲ್ಲೊ ಮನೆಯಲ್ಲಿ ಬೇಕಾದಷ್ಟೇ ಮಾತಾಡುತ್ತಾಳೆ. ನೀರು ತಂದೆ. ಕೋಳಿ ಮುಚ್ಚಿದೆ. ಅಷ್ಟೇ. ಹೊಸಿಲ ಮೇಲೆ ಕೂತು ಒಬ್ಬಳೇ ಓದುತ್ತಾಳೆ. ಹೆಡ್‌ಮಾಸ್ಟರು ವಾರಕ್ಕೊಮ್ಮೆ ಇಂಗ್ಲಿಷ್ ತರಗತಿಗೆ ಹೋಗಿ ಲೆಕ್ಕ ಮಾಡಿಸುತ್ತಾರಂತೆ. ಇಂದು ಹೇಗೋ ಬಾಯಿ ಬಿಟ್ಟು ಕೇಳಿದೆ, "ನನ್ನ ಮೇಲೆ ಸಿಟ್ಟಾ?"

"ನೀನು ನನಗೋಸ್ಕರ ಮಾಡಿದ್ದು ಅಂತ ಗೊತ್ತು ಅಜ್ಜಿ. ಅದಕ್ಕೇ ಸಿಟ್ಟು" ಎಂದಳು.

ನವೆಂಬರ್ 12, ಶುಕ್ರವಾರ

ಇಂಗ್ಲಿಷ್ ಪರೀಕ್ಷೆ ಮುಗಿಯಿತು. ಹೇಗಾಯಿತು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ನವೆಂಬರ್ ಬಂದು ಹೋಗುತ್ತದೆ ಎಂದು ನಾನು ಅಂದುಕೊಂಡೇ ಇರಲಿಲ್ಲ ಅನಿಸುತ್ತದೆ.

ಜನವರಿ 25, ಮಂಗಳವಾರ

ಫಲಿತಾಂಶ. ಜೀವಶಾಸ್ತ್ರದಲ್ಲಿ ಶಾಲೆಗೇ ಮೊದಲು. ಇಂಗ್ಲಿಷ್ ನಲವತ್ತೇಳು.

ಅಳಲಿಲ್ಲ. ಮಧ್ಯಾಹ್ನವೇ ಸೆಲ್ಲೊನ ಅಂಗಡಿಗೆ ಹೋಗಿ, ಆಚೆ ದೇಶದಲ್ಲಿ ಮನೆಗೆಲಸಕ್ಕಿರುವ ಅವನ ತಂಗಿಯ ನಂಬರು ಬರೆಸಿಕೊಂಡು ಬಂದಳು. ಮೊದಲೇ ಮಾತಾಡಿಟ್ಟಿದ್ದಳೆಂದು ಕಾಣುತ್ತದೆ.

"ಇನ್ನೊಂದು ವರ್ಷ ಕೂತು ಬರಿ" ಎಂದೆ.

"ಯಾರು ಹೇಳ್ಕೊಡ್ತಾರೆ ಅಜ್ಜಿ, ನಾಲ್ಕನೆಯವರು ಬರ್ತಾರಾ?"

ಜನವರಿ 30, ಭಾನುವಾರ

ಆರಾಧನೆಗೆ ಹೋಗಲಿಲ್ಲ. ನ್ಯಾಕಲ್ಲೊ ನಾಳೆ ಹೊರಡುತ್ತಾಳೆ, ಅವಳ ಬಟ್ಟೆ ಒಗೆದು ಒಣಗಿಸುವುದಿತ್ತು. ಅವಳ ತಾಯಿ ಹೋಗುವಾಗ ಪಾದ್ರಿಯವರನ್ನು ಮನೆಗೇ ಕರೆಸಿದ್ದೆ. ಅವರು ಅವಳ ತಲೆಯ ಮೇಲೆ ಕೈಯಿಟ್ಟು ತೆಬೆಲ್ಲೊ, ತೆಬೆಲ್ಲೊ ಎಂದು ಮೂರು ಸಲ ಹೆಸರು ಹೇಳಿ ದೇವರಿಗೆ ಒಪ್ಪಿಸಿದರು. ಹೇಗೆ ಗಟ್ಟಿಯಾಗಿ ಹೇಳಿದರು. ಇಡೀ ಕಣಿವೆಗೆ ಕೇಳಿಸಿತ್ತು.

ಈ ಸಲ ಕರೆಸಲಿಲ್ಲ.

ಜನವರಿ 31, ಸೋಮವಾರ

ಬೆಳಗ್ಗೆ ಏಳಕ್ಕೆ ಟ್ಯಾಕ್ಸಿ. ಒಳಗೆ ಆಗಲೇ ಹನ್ನೆರಡು ಜನ, ಒಂದು ಕುರಿಮರಿ. ಅವಳು ಹತ್ತಿ ಕಿಟಕಿ ಪಕ್ಕ ಕೂತಳು. ಹತ್ತುವ ಮೊದಲು ನನ್ನನ್ನು ಅಪ್ಪಿಕೊಂಡಿದ್ದಳು, ಬೇಗ ಬಿಟ್ಟಳು.

ಗಾಡಿ ಹೊರಡುತ್ತಿದ್ದ ಹಾಗೆ ನನ್ನ ಬಾಯಿಂದ ಬಂತು.

"ಏ ಮೊಸೆಲಾಂಚಾ. ಏ ನಾಯಿಬಾಲ. ತೊಲಗು, ನಿನ್ನಂಥೋಳು ಯಾರಿಗೆ ಬೇಕು."

ಟ್ಯಾಕ್ಸಿಯಲ್ಲಿದ್ದವರು ನಕ್ಕರು. ಒಬ್ಬಾಕೆ, "ಪ್ರಾರ್ಥನೆಯಮ್ಮನ ಬಾಯಿ ನೋಡ್ರೀ" ಎಂದಳು. ನಾನು ಇನ್ನೂ ಜೋರಾಗಿ ಕೂಗಿದೆ. ತಿರುವಿನ ತನಕ ಹಿಂದೆ ಓಡುತ್ತಾ ಕೂಗಿದೆ. ಕಿಟಕಿಯಲ್ಲಿ ಅವಳ ಮುಖ ನನ್ನ ಕಡೆಗೇ ಇತ್ತು. ನಗುತ್ತಿದ್ದಳೋ ಏನೋ, ಧೂಳಿನಲ್ಲಿ ಕಾಣಲಿಲ್ಲ.

ಅತ್ತಿಗೆ ಬೇಲಿಯ ಹತ್ತಿರ ನಿಂತಿದ್ದಳು. ನನ್ನ ಕಂಬಳಿ ಜಾರಿ ಬಿದ್ದಿತ್ತು, ಎತ್ತಿ ಹೆಗಲಿಗೆ ಹೊದಿಸಿದಳು.

ಫೆಬ್ರವರಿ 3, ಗುರುವಾರ

ಪ್ರಾರ್ಥನೆಗೆ ಹೋದೆ. ಹೋಗದಿದ್ದರೆ ಜನ ಕೇಳುತ್ತಾರೆ. ಪಾದ್ರಿಯ ಹೆಂಡತಿ ಈ ವರ್ಷಕ್ಕೂ ನೋಟ್‌ಬುಕ್ ಹಂಚಿದಳು. ಇದರಲ್ಲಿ ಇನ್ನೂ ಹಾಳೆ ಉಳಿದಿದೆ ಎಂದು ನಾನು ತೆಗೆದುಕೊಳ್ಳಲಿಲ್ಲ.

ಕೊನೆಯಲ್ಲಿ ಅವಳು ಎಲ್ಲರನ್ನೂ ಎಬ್ಬಿಸಿ ನಿಲ್ಲಿಸಿ, "ದೂರ ಹೋದ ಮಗಳು ನ್ಯಾಕಲ್ಲೊಗೋಸ್ಕರ ಬೇಡ್ಕೊಳ್ಳೋಣ, ನಿಮ್ಮ ಮೊಮ್ಮಗಳ ಹೆಸರು ಎತ್ತಿ ನೀವೇ ಶುರು ಮಾಡಿ, ಅಮ್ಮ" ಎಂದಳು.

ಎಲ್ಲರೂ ಕಣ್ಣು ಮುಚ್ಚಿ ಕಾಯುತ್ತಿದ್ದರು. ನಾನು ಮೇಲೆ ನೋಡಿದೆ.

"ಆ ಹೆಸರಿನೋರು ನಮ್ಮನೇಲಿ ಯಾರೂ ಇಲ್ಲ" ಎಂದೆ. "ಒಂದು ನಾಯಿ ಇತ್ತು. ಅದೂ ಎಲ್ಲೋ ಹೋಯ್ತು."